ಸಿದ್ದಲಿಂಗಮ್ಮನ ಕುಪ್ಪಸ

"ಅದನ್ನ ನನ್ನ ಮಿಷಿನ್ ಮೇಲೆ ಇಡಬ್ಯಾಡ್ರಿ!"

ರುದ್ರಾಣಿ ಕೂಗಿದ್ದಕ್ಕೆ ಬಾಗಿಲಲ್ಲಿದ್ದ ಗಂಡಸು ನಿಂತಲ್ಲೇ ನಿಂತ. ಅವನ ಕೈಯಲ್ಲಿ ಅಳತೆಗೆಂದು ತಂದ ಹಳೆಯ ರವಿಕೆಯಿತ್ತು. ಅವಳು ಮರದ ಸ್ಕೇಲಿನ ತುದಿಯಿಂದ ಅದನ್ನು ಎತ್ತಿ, ಸತ್ತ ಹಲ್ಲಿಯನ್ನು ಎತ್ತಿದವಳಂತೆ ಮುಖ ತಿರುಗಿಸಿದಳು. ಹುಳಿತ ಹಾಲು, ಬೇವಿನೆಣ್ಣೆ, ಅದರಡಿ ಇನ್ನೇನೋ ವಾಸನೆ.

ಹೊನ್ನಾಳಿಯ ಹೆಂಗಸರಿಗೆ ಇದು ರೂಢಿ. ಹೊಸ ರವಿಕೆ ಹೊಲಿಸಬೇಕೆಂದರೆ ಮೈಯಳತೆ ಕೊಡಲು ನಾಚಿಕೆ, ಹಳೆಯದೊಂದನ್ನು ಕಳಿಸಿಬಿಡುತ್ತಾರೆ. ಅದನ್ನು ಒಗೆದು ಕಳಿಸುವವರು ಅಪರೂಪ. ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು ತಿರುಗುವ ಸಾಹುಕಾರರ ಮನೆಯವರ ಕಂಕುಳು ಹೇಗೆ ನಾರುತ್ತದೆಂದು ಊರಿನಲ್ಲಿ ರುದ್ರಾಣಿಯೊಬ್ಬಳಿಗೇ ಗೊತ್ತು. ಈ ನೈಲಾನು, ಟೆರಿಲಿನ್ನು ಬಂದ ಮೇಲಂತೂ ಕೇಳುವುದೇ ಬೇಡ. ಬೆವರು ಹೀರದ ಬಟ್ಟೆ ಮೈಮೇಲೇ ಕೊಳೆಯುತ್ತದೆ. ಆ ವರ್ಷದ, ಅಂದರೆ ೧೯೮೧ರ ಬೇಸಿಗೆಯಲ್ಲಿ ಊರಿಗೆ ಊರೇ ಅದನ್ನು ತೊಟ್ಟು ಹೊಳೆಯುತ್ತಿತ್ತು. ನಾರುತ್ತಲೂ ಇತ್ತು.

ಮಗಳಿಗೆ ಇಪ್ಪತ್ತೇಳಾದರೂ ಮದುವೆಯಾಗದಿರುವುದಕ್ಕೆ ಈ ಮೂಗೇ ಕಾರಣವೆಂದು ತಾಯಿ ಕಸ್ತೂರಮ್ಮನ ದೂರು. ನೋಡಲು ಬಂದವರಲ್ಲಿ ಒಬ್ಬನ ಬಾಯಿ ನಾರಿತು. ಇನ್ನೊಬ್ಬ ಉಪ್ಪಿಟ್ಟು ತಿಂದ ಕೈಯನ್ನು ಜಮಖಾನಕ್ಕೆ ಒರೆಸಿದ.

"ಯಾರದ್ರೀ ಇದು?"

"ಅವ್ವಂದು."

"ನಿಮ್ಮವ್ವನಿಗೆ ಸೋಪು ಸಿಗಲಿಲ್ಲೇನು?"

ಅವನ ರೆಪ್ಪೆಗಳ ಮೇಲೆ ಹಿಟ್ಟು ಕೂತಿತ್ತು. ಆ ಬಿಳುಪಿನ ನಡುವೆ ಕಣ್ಣುಗಳು ಇನ್ನಷ್ಟು ಕಪ್ಪಗೆ ಕಾಣುತ್ತಿದ್ದವು.

"ಹಿಂದೆ ಬಚ್ಚಲ ಐತೆ, ನೀರೈತೆ. ಒಗೆದು ಕೊಟ್ರೆ ಹೊಲಿತೀನಿ," ಎಂದಳು. ಸಿಟ್ಟು ಮಾಡಿಕೊಂಡು ಹೋಗಲಿ ಎಂದೇ ಹೇಳಿದ್ದು.

ಅವನು ಹೋಗಲಿಲ್ಲ. ಅಂಗಿಯ ತೋಳು ಮಡಚಿ ಹಿತ್ತಲಿಗೆ ನಡೆದ. ರವಿಕೆಯ ಒಳಮೈ ಹೊರಗೆ ಮಾಡಿ, ಮೊದಲು ಕಂಕುಳಿಗೆ, ಆಮೇಲೆ ಕುತ್ತಿಗೆಪಟ್ಟಿಗೆ ಸೋಪು ಹಚ್ಚಿ, ಹೊಲಿಗೆ ಹರಿಯದಂತೆ ಮೆಲ್ಲಗೆ ಉಜ್ಜಿದ. ಗಂಡಸರು ಬಟ್ಟೆಯನ್ನು ಕಲ್ಲಿಗೆ ಬಡಿಯುವುದನ್ನು ಅವಳು ನೋಡಿದ್ದಳು. ಒಗೆಯುವುದನ್ನು ಇದೇ ಮೊದಲು ನೋಡಿದ್ದು. ಬಾಗಿಲಿಗೆ ಒರಗಿ, ಅವನ ಒದ್ದೆ ಮುಂಗೈಯನ್ನು ನೋಡುತ್ತಲೇ ಉಳಿದಳು.

"ಯಾರು ಕಲಿಸಿದ್ರು?"

"ಗರಜು ಬಿತ್ತು, ಕಲಿತೆ."

ಅವನ ಹೆಸರು ಪಂಚಾಕ್ಷರಿ. ಸಾಸ್ವೆಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ಹೊಸ ರವಿಕೆಗೆ ತಂದದ್ದು ಗಿಳಿಹಸಿರು ನೈಲಾನು.

"ಈ ದರಿದ್ರ ಬಟ್ಟೆ ಆರಿಸಿದ್ದು ಯಾರು?"

"ನಾನೇ. ಈಗ ಇದೇ ಫ್ಯಾಶನ್ ಅಂದ್ರು ಅಂಗಡಿಯೋರು."

"ಗೊಬ್ಬರದ ಚೀಲಾನೂ ಇದರಾಗೇ ಮಾಡ್ತಾರೆ. ಅದೂ ಫ್ಯಾಶನ್ನೇನು?"

ಅವನು ನಕ್ಕ. ರೆಪ್ಪೆಯಿಂದ ಹಿಟ್ಟು ಉದುರಿತು. ಅವಳು ತಟ್ಟನೆ ಬಗ್ಗಿ ಮಿಷಿನ್ನಿನ ಕೆಳಗೆ ಏನನ್ನೋ ಹುಡುಕತೊಡಗಿದಳು.

"ಏನು ಹುಡುಕ್ತೀರಿ?"

"ಟೇಪು."

"ನಿಮ್ಮ ಕೊರಳಾಗೇ ಐತಲ್ರೀ."

ಮುಂದಿನ ಸಂತೆಯ ದಿನ ಅವನು ಹೊಲಿದ ರವಿಕೆ ಒಯ್ದ. ಅದರ ಮುಂದಿನ ಸಂತೆಗೆ ವಾಪಸು ತಂದ. ಎಡತೋಳು ತುದಿಯಿಂದ ಕುತ್ತಿಗೆಯವರೆಗೂ ಕತ್ತರಿಯಲ್ಲಿ ಸೀಳಿತ್ತು.

ರುದ್ರಾಣಿಯ ಮೈ ಉರಿಯಿತು. "ಇಷ್ಟ ಆಗದಿದ್ರೆ ಬಾಯಿಬಿಟ್ಟು ಹೇಳ್ಬೇಕು. ಹೊಲಿದಿದ್ದನ್ನ ಹಿಂಗೆ ಸೀಳ್ತಾರೇನ್ರಿ? ಎಂಥ ಜನ ನೀವು, ಥೂ!"

"ಸೀಳಿದ್ದು ನಾನೇ." ಅವನು ನೆಲ ನೋಡುತ್ತಾ ಹೇಳಿದ. "ಅವ್ವಗೆ ಲಕ್ವ ಹೊಡೆದೈತೆ. ಎಡಗೈ ಎದೆಗೆ ಮಡಚಿಕಂಡೈತೆ, ಮೇಲೆ ಏಳಲ್ಲ. ಹಳೇದು ಸಡಿಲ ಇತ್ತು, ಇದನ್ನ ಹೆಂಗೋ ತೊಡಿಸಿದೆ. ತೆಗೆಯಾಕೆ ಹೋದ್ರೆ ನೋವಿಗೆ ಚೀರಿದಳು. ಕತ್ರಿ ತಗಂಡೆ."

ಅವಳು ಸೀಳಿದ ತೋಳನ್ನು ಮಿಷಿನ್ನಿನ ಮೇಲೆ ಹರಡಿ ನೋಡಿದಳು.

"ಮೊದಲೇ ಹೇಳಾಕೆ ಏನಾಗಿತ್ತು?"

"ಹೇಳಿದ್ರೆ ಮುಟ್ತಿದ್ರಾ? ಒಬ್ಬ ಟೇಲರು ಅಳತೆ ರವಿಕೇನ ಬೀದಿಗೆ ಎಸೆದ. ಬಾಯಿ ಒಂದು ಕಡೆ ಸೋರುತ್ತೆ ನೋಡ್ರಿ, ಎಷ್ಟು ಒಗೆದ್ರೂ..."

"ಹಂಗಾದ್ರೆ ಆ ಅಳತೆ ರವಿಕೆ ಲಕ್ವ ಹೊಡೆಯೋ ಮುಂಚೆ ಹೊಲಿಸಿದ್ದು. ಮೈ ಈಗ ಬ್ಯಾರೆ ಆಗೈತೆ. ನಾನೇ ಬಂದು ನೋಡಬೇಕು."

"ಬ್ಯಾಡ್ರಿ." ಅವನ ದನಿ ಗಟ್ಟಿಯಾಯಿತು. "ಸಂಬಂಧ ಮಾಡ್ತೀವಿ ಅಂತ ಬಂದೋರು ಒಳಗೆ ಹೋಗಿ ಅವ್ವನ್ನ ನೋಡಿದ ಮ್ಯಾಲೆ ಮತ್ತೆ ಆ ರಸ್ತೆ ತುಳಿದಿಲ್ಲ. ಅವರು ಹೋಗಿದ್ದಕ್ಕೆ ಬೇಜಾರಿಲ್ಲ ನಂಗೆ. ನೀವೂ ಹಂಗೆ ಹೋದ್ರೆ..."

ಮಾತು ಅಲ್ಲಿಗೆ ನಿಂತಿತು. ಅಡುಗೆಮನೆಯಲ್ಲಿ ಕಸ್ತೂರಮ್ಮನ ಲಟ್ಟಣಿಗೆಯೂ ನಿಂತಿತು. ರುದ್ರಾಣಿಯ ಕಿವಿ ಕೆಂಪಾದದ್ದು ಅವನಿಗೆ ಕಂಡಿತೋ ಇಲ್ಲವೋ, ಅವನು ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಅವಳು ಬಿಡಲಿಲ್ಲ. ತಾಯಿಯನ್ನು ಜೊತೆಗೆ ಕರೆದುಕೊಂಡು ಸಾಸ್ವೆಹಳ್ಳಿಯ ಬಸ್ಸು ಹತ್ತಿದಳು.

"ರವಿಕೆ ಅಳತೆಗೆ ಊರೂರು ತಿರುಗೋ ಟೇಲರನ್ನ ಇವತ್ತೇ ನೋಡಿದ್ದು," ಎಂದಳು ಕಸ್ತೂರಮ್ಮ.

"ಸುಮ್ನೆ ಕೂರವ್ವ."

"ಕೂತಿದೀನಲ್ಲ. ಅಳತೆ ಅವ್ವಂದೋ ಮಗಂದೋ ಅಂತ ಕೇಳಿದೆ, ಅಷ್ಟೇ."

ಗಿರಣಿಯ ಹಿಂದೆ ಕಿಟಕಿಯಿಲ್ಲದ ಕೋಣೆ. ಒಳಗೆ ಕಾಲಿಟ್ಟೊಡನೆ ವಾಸನೆ ಮುಖಕ್ಕೆ ಹೊಡೆಯಿತು. ಮುಗ್ಗಿದ ಹಾಸಿಗೆ, ಉಚ್ಚೆ, ಬೇವಿನೆಣ್ಣೆ. ಮಂಚದ ಮೇಲೆ ಮುದುಕಿ ಸಿದ್ದಲಿಂಗಮ್ಮ, ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಬಾಯಂಚಿನಿಂದ ಜೊಲ್ಲು ನೂಲಿನಂತೆ ಇಳಿದಿತ್ತು.

ರುದ್ರಾಣಿ ಸೆರಗು ಬಾಯಿಗೊತ್ತಿ ಓಡಿದಳು. ಹೊಂಗೆಮರದ ಬುಡದಲ್ಲಿ ಬಗ್ಗಿ, ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ಕಾರಿದಳು.

ಪಂಚಾಕ್ಷರಿ ತಂಬಿಗೆಯಲ್ಲಿ ನೀರು ತಂದು, ದೂರದಲ್ಲೇ ಇಟ್ಟು ಹಿಂದೆ ಸರಿದ.

"ಹನ್ನೆರಡರ ಬಸ್ಸು ಐತೆ. ಹೋಗ್ರಿ. ಬೇಜಾರೇನಿಲ್ಲ."

ಬೇಜಾರು ಅವನ ಮುಖದ ತುಂಬ ಇತ್ತು. ಅವಳು ಬಾಯಿ ಮುಕ್ಕಳಿಸಿ ಉಗುಳಿದಳು.

"ನಾನು ಬಂದಿದ್ದು ಅಳತೆಗೆ," ಎಂದು ಮತ್ತೆ ಒಳಗೆ ನಡೆದಳು.

ಸಿದ್ದಲಿಂಗಮ್ಮ ಅವಳನ್ನೇ ದಿಟ್ಟಿಸುತ್ತಿದ್ದಳು. ಮಾತು ತೊದಲಿದರೂ ಕಣ್ಣುಗಳು ಚೂರಿಯಂತಿದ್ದವು.

"ವಾಂತಿ ಮಾಡಿದೇನು?"

"ಹೂಂ, ಅವ್ವಾರೆ."

"ಚಲೋ ಆತು. ಉಳಿದೋರು ಮೂಗು ಮುಚ್ಕಂಡು, ಸ್ವಂತ ತಾಯಿ ಇದ್ದಂಗೆ ಅಂದು ಹೋದ್ರು. ಅವರನ್ನ ಕಂಡು ನಂಗೇ ವಾಂತಿ ಬಂದಿತ್ತು."

ರುದ್ರಾಣಿಗೆ ನಗು ಬಂತು. ಮಡಚಿದ ತೋಳಿನ ಸುತ್ತ ಟೇಪು ಹಾಯಿಸಿದಳು. ಒಂದು ಭುಜ ಕುಗ್ಗಿತ್ತು, ಇನ್ನೊಂದು ತುಂಬಿಕೊಂಡಿತ್ತು. ಇಂಥ ಮೈಗೆ ಹಳೆಯ ಅಳತೆ ಹಿಡಿದು ಹೊಲಿದದ್ದು ತನ್ನದೇ ದಡ್ಡತನ.

"ಆ ಹಸಿರು ದರಿದ್ರ ಬ್ಯಾಡ," ಎಂದಳು ಮುದುಕಿ. "ಮೈಗೆ ಅಂಟುತ್ತೆ. ಗಂಟು ಕುಪ್ಪಸ ಹೊಲಿ. ನನ್ನ ಮದುವೆಯಾಗೆ ಹಾಕ್ಕಂಡಿದ್ನಲ್ಲ, ಅಂಥದ್ದು. ಖಣದ್ದು. ತೋಳಿಗೆ ಅಂಚು ಬರಬೇಕು."

"ಮಂಚದ ಮೇಲೆ ಅಂಚು ಯಾರು ನೋಡ್ತಾರವ್ವ?" ಎಂದ ಮಗ.

"ಯಾಕೆ, ನಾನು ನೋಡಲ್ಲೇನೋ?"

ಎದೆಯ ಮುಂದೆ ಎರಡು ತುದಿ ತಂದು ಗಂಟು ಹಾಕುವ ಹಳೆಯ ಕುಪ್ಪಸವನ್ನು ರುದ್ರಾಣಿ ಎಂದೂ ಹೊಲಿದಿರಲಿಲ್ಲ. ಹೊನ್ನಾಳಿಯ ಅವಳ ಬೀದಿಯಲ್ಲಿ ಈಗಲೂ ಅದನ್ನು ತೊಡುತ್ತಿದ್ದವಳು ಮುದುಕಿ ಕೆಂಪಕ್ಕನೊಬ್ಬಳೇ. ಸೊಸೆಯಂದಿರು ನಗುತ್ತಾರೆಂದು ಗೊತ್ತಿದ್ದೂ ಬಿಟ್ಟಿರಲಿಲ್ಲ. ರುದ್ರಾಣಿ ಊರಿಗೆ ಮರಳಿ ಕೇಳಿದೊಡನೆ ಒಗೆದು ಮಡಚಿದ್ದೊಂದನ್ನು ತಂದುಕೊಟ್ಟಳು.

"ನಮ್ಮ ಕಾಲದಾಗೆ ಮೈ ನೋಡಿ ಬಟ್ಟೆ ಹೊಲಿತಿದ್ರು ಕಣವ್ವ. ಬಸುರಾದ್ರೂ ಇದೇ, ಬಾಣಂತಿ ಆದ್ರೂ ಇದೇ, ಸೊರಗಿದ್ರೂ ಇದೇ. ಗಂಟು ಹಿಂದೆ ಮುಂದೆ ಮಾಡಿದ್ರಾತು. ಈಗಿನೋರು ಬಟ್ಟೆ ನೋಡಿ ಮೈ ಮುದುರಿಕೊಳ್ತಾರೆ."

ರುದ್ರಾಣಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹುಕ್ಕಿಲ್ಲ, ಗುಂಡಿಯಿಲ್ಲ. ಕಂಕುಳಿನಲ್ಲಿ ಒಂದು ಚೌಕದ ತುಂಡು, ತೋಳು ಹೇಗೆ ತಿರುಗಿದರೂ ಎಳೆಯದು. ಊರ ಹುಡುಗಿಯರಿಗೆಲ್ಲ ಉಸಿರುಗಟ್ಟುವ ರವಿಕೆ ಹೊಲಿದುಕೊಟ್ಟ ತನ್ನ ಕೈಯ ಮೇಲೇ ಅವಳಿಗೆ ಅಸಹ್ಯವಾಯಿತು.

ಕೆಂಪು ಖಣ ಕತ್ತರಿಸಿದಳು. ಒಳಗೆ ಮೆತ್ತನೆಯ ಮಲ್ ಬಟ್ಟೆ ಕೊಟ್ಟಳು. ಎಡತೋಳನ್ನು ಉದ್ದಕ್ಕೂ ತೆರೆದಿಟ್ಟು, ಕಟ್ಟಿಕೊಳ್ಳಲು ಲಾಡಿ ಇಟ್ಟಳು. ಅಂಚನ್ನು ಮಾತ್ರ ಕೈಯಲ್ಲೇ ಹೊಲಿದಳು.

ಕಸ್ತೂರಮ್ಮನೊಡನೆ ಅದನ್ನು ಸಾಸ್ವೆಹಳ್ಳಿಗೆ ಒಯ್ದಳು. ತೊಡಿಸುವಾಗ ಪಂಚಾಕ್ಷರಿ ತಾಯಿಯ ಬೆನ್ನಿಗೆ ಆಸರೆಯಾಗಿ ಕಣ್ಣು ಬೇರೆಡೆ ಇಟ್ಟು ನಿಂತ.

"ಮೊದಲು ನೋವಿನ ಕೈ, ಆಮೇಲೆ ಒಳ್ಳೆ ಕೈ," ಎಂದು ಹೇಳಿಕೊಟ್ಟ. ಲಾಡಿ ಎಳೆಯುವಾಗ ರುದ್ರಾಣಿಯ ಬೆರಳೂ ಅವನ ಬೆರಳೂ ತಾಗಿದವು. ಯಾರೂ ಬೇಗ ತೆಗೆಯಲಿಲ್ಲ. ಅಷ್ಟರಲ್ಲಿ ಬೆಚ್ಚನೆಯ ಜೊಲ್ಲು ರುದ್ರಾಣಿಯ ಮುಂಗೈ ಮೇಲೆ ಬಿತ್ತು. ಅವಳು ತಟ್ಟನೆ ಕೈ ಹಿಂದೆಳೆದು ಸೆರಗಿಗೆ ಒರೆಸಿಕೊಂಡಳು. ಅವನು ಅದನ್ನು ನೋಡಿದ.

ಸಿದ್ದಲಿಂಗಮ್ಮ ಕನ್ನಡಿ ಕೇಳಿದಳು. ಅತ್ತ ತಿರುಗಿ, ಇತ್ತ ತಿರುಗಿ, ಒಳ್ಳೆಯ ಕೈಯಿಂದ ಅಂಚು ಸವರಿದಳು.

"ಒಂದು ನೂಲು ಓರೆ ಐತೆ. ಆದ್ರೂ ಪರವಾಗಿಲ್ಲ."

ಮುದುಕಿಯ ಮುಖದ ಅರ್ಧ ನಕ್ಕಿತು. ಆ ಅರ್ಧ ಬಹಳ ಚೆಂದವಿತ್ತು.

ಹೊಂಗೆಮರದ ಕೆಳಗೆ ರುದ್ರಾಣಿ ಕೈ ತೊಳೆದಳು. ಮತ್ತೆ ತೊಳೆದಳು. ಪಂಚಾಕ್ಷರಿ ನೀರು ಹಾಕುತ್ತಿದ್ದ.

"ನನಗೆ ಹೇಸಿಗೆ ಆಗುತ್ರೀ," ಎಂದಳು ತಲೆಯೆತ್ತದೆ. "ಇವತ್ತೂ ಆತು. ನಾಳೆನೂ ಆಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಾಕೆ ನನ್ನ ಕೈಲಿ ಆಗಲ್ಲ."

ನೀರು ಬೀಳುವುದು ನಿಂತಿತು.

"ನಂಗೂ ಆಗುತ್ತೆ," ಎಂದ ಅವನು ಬಲು ಮೆಲ್ಲಗೆ. "ದಿನಾ ಆಗುತ್ತೆ. ಕೆಲವು ದಿನ ಗಿರಣಿ ಚಾಲೂ ಮಾಡಿ, ಅದರ ಸದ್ದಿನಾಗೆ ಬೈಕೊಂಡು ಬಟ್ಟೆ ಒಗೀತೀನಿ. ಯಾರ ಹತ್ರಾನೂ ಹೇಳಿಲ್ಲ. ಹೆತ್ತವ್ವಗೆ ಹೇಸ್ತಾನೆ ಅಂತ ಉಗೀತಾರೆ."

ಅವಳು ತಲೆಯೆತ್ತಿದಳು. ಅವನ ರೆಪ್ಪೆಯ ಹಿಟ್ಟು ಅಲ್ಲಲ್ಲಿ ಒದ್ದೆಯಾಗಿ ಗಂಟುಕಟ್ಟಿತ್ತು.

"ನನ್ನ ಹತ್ರ ಹೇಳ್ರಿ."

"ದಿನಾ ಹೇಳಾಕೆ ಹೊನ್ನಾಳಿಗೆ ಬರಬೇಕಾಗುತ್ತೆ."

"ಗಿರಣಿ ಬಿಟ್ಟು ಅಷ್ಟು ದೂರ ಯಾಕೆ? ಹೇಳಿಸ್ಕೊಳ್ಳೋಳು ಇಲ್ಲೇ ಇದ್ರಾಗಲ್ಲೇನು?"

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ತಂಬಿಗೆ ಕೈಯಿಂದ ಜಾರಿ ಕಾಲಮೇಲೆ ಬಿತ್ತು. ನೋವಾದರೂ ನಗುತ್ತಿದ್ದ, ಪೆದ್ದನಂತೆ.

"ವಾಂತಿ ಬಂದ್ರೆ?"

"ಈ ಮರ ಐತಲ್ಲ. ನೀವು ಬೈರಿ, ನಾನು ಕಾರ್ತೀನಿ. ಕೆಲಸ ಹೆಂಗೂ ನಡೀತದೆ." ಅವಳು ಸೆರಗಿನಿಂದ ಅವನ ರೆಪ್ಪೆಯ ಹಿಟ್ಟನ್ನು ಒರೆಸಿದಳು. ಅವನು ಕಣ್ಣು ಮುಚ್ಚಿ ಮುಖ ಕೊಟ್ಟ. "ಆದ್ರೆ ಒಂದು. ಆ ಕೋಣೆಗೆ ಕಿಟಕಿ ಇಲ್ಲ. ಅದರಾಗೆ ಆರೋಗ್ಯವಂತರೂ ನಾರ್ತಾರೆ. ಕಿಟಕಿ ಆಗೋವರೆಗೂ ನಾನು ಈ ಮನೆಗೆ ಬರಲ್ಲ."

ಪಂಚಾಕ್ಷರಿ ಹಿಂದುಮುಂದು ನೋಡಲಿಲ್ಲ. ಗಿರಣಿಯಿಂದ ಹಾರೆ ತಂದ. ಮಂಚವನ್ನು ಎದುರು ಗೋಡೆಗೆ ಸರಿಸಿ, ಹಿತ್ತಲ ಕಡೆಯ ಮಣ್ಣಿಟ್ಟಿಗೆಯ ಗೋಡೆಗೆ ಏಟು ಹಾಕತೊಡಗಿದ. ಮೂರನೆಯ ಏಟಿಗೆ ಒಂದು ಇಟ್ಟಿಗೆ ಹೊರಗೆ ಬಿತ್ತು. ಕೈಯಗಲ ಬೆಳಕೂ ಹೊಂಗೆಮರದ ಗಾಳಿಯೂ ಒಳಗೆ ನುಗ್ಗಿದವು.

ಜಗುಲಿಯಲ್ಲಿ ಕೂತಿದ್ದ ಕಸ್ತೂರಮ್ಮ ಎದ್ದು ಬಂದಳು. "ಇದೇನೇ? ಸಂಬಂಧದ ಮಾತು ಆಡ್ತೀರಿ ಅಂದ್ಕಂಡ್ರೆ ಗೋಡೆ ಒಡೀತಾ ಕೂತೀರಲ್ಲ!"

"ಎರಡೂ ಒಂದೇ ಕಣವ್ವ," ಎಂದಳು ರುದ್ರಾಣಿ.

ಮಂಚದ ಮೇಲಿಂದ ಸಿದ್ದಲಿಂಗಮ್ಮ ಕೂಗುತ್ತಿದ್ದಳು: "ಧೂಳು! ಲೋ, ಹೊಸ ಕುಪ್ಪಸಕ್ಕೆ ಧೂಳು ಕೂರುತ್ತಲ್ಲೋ!"

ರುದ್ರಾಣಿ ಹೋಗಿ ಅವಳ ಮುಂದೆ, ಧೂಳಿಗೆ ಬೆನ್ನು ಕೊಟ್ಟು ಕೂತಳು. ಧೂಳೆಲ್ಲ ಅವಳ ಸೀರೆಯ ಮೇಲೆ ಬಿತ್ತು. ರಸ್ತೆಯಲ್ಲಿ ಹೊನ್ನಾಳಿಯ ಬಸ್ಸು ಹಾರ್ನ್ ಹೊಡೆದು ನಿಂತು, ಯಾರೂ ಬರಲಿಲ್ಲವೆಂದು ಹೊರಟುಹೋಯಿತು.