ಮಾಲೀಕನಿಲ್ಲದ ಬುಲೆಟ್

"ಮುತ್ಯಾ, ಇಳೀತಿಯೋ... ಕೆಡವ್ಲೋ?"

ಬುಲೆಟ್ ಅರವತ್ತರಲ್ಲಿತ್ತು. ಇಳಿಜಾರು ರಸ್ತೆ. ಎಡಕ್ಕೆ ಗುಡ್ಡ. ಬಲಕ್ಕೆ ತಳ ಕಾಣದ ತಗ್ಗು.

ನಾನು ಹಿಂದಿನ ಸೀಟಿನಲ್ಲಿದ್ದೆ. ಅರವತ್ತೊಂಬತ್ತು ವರ್ಷದ ಮುದುಕ. ಮುಂದೆ ಮಲ್ಕಣ್ಣ. ಇಪ್ಪತ್ತೆಂಟರ ಗಂಡಾಳು. ಅವನ ಬೆಲ್ಟು ನನ್ನ ಎರಡೂ ಕೈಯಲ್ಲಿತ್ತು. ಅದೊಂದೇ ನನಗೆ ಆಧಾರ.

"ನಿಲ್ಲಸು. ಇಳೀತೀನಿ."

"ನಿಲ್ಲಸಂಗಿಲ್ಲ. ಜಿಗಿ."

ಅಂದವನೇ ಗಾಡಿಯನ್ನು ತಗ್ಗಿನ ಅಂಚಿಗೆ ಒಯ್ದ. ಕಲ್ಲು ಸಿಡಿದು ಕೆಳಗೆ ಹೋದವು. ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು...

ತಡೆಯಿರಿ. ಈ ಗಾಡಿ ನಾನು ಹತ್ತಿದ್ದೇಕೆ ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ನನ್ನ ಹೆಸರು ನಾಗಣ್ಣ. ಓದಿದ್ದು ಮೂರನೇ ಇಯತ್ತೆ. ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿ ನಲವತ್ತು ವರ್ಷ ಗ್ಯಾರೇಜ್ ಇಟ್ಟಿದ್ದೆ. ಬುಲೆಟ್ ಬಿಟ್ಟರೆ ಬೇರೆ ಗಾಡಿ ಮುಟ್ಟಿದವನಲ್ಲ. ಈಗ ಸ್ಕ್ರೂ ಹಿಡಿದರೆ ಕೈ ನಡುಗುತ್ತದೆ. ಆದರೆ ಒಮ್ಮೆ ಬಿಚ್ಚಿದ ಎಂಜಿನ್ ಮರೆಯುವುದಿಲ್ಲ. ಅದಕ್ಕೇ ಜನ ಕಳೆದ ಗಾಡಿ ಹುಡುಕಿಸಲು ನನ್ನ ಹತ್ತಿರ ಬರುತ್ತಾರೆ.

ಹನ್ನೊಂದು ದಿನದ ಹಿಂದೆ ಕುಸನೂರಿನ ಪಂಚಶೀಲಾ ಬಂದಿದ್ದಳು.

ಅವಳ ಗಂಡ ಕಪಿಲ ನನ್ನ ಕೈಯಲ್ಲೇ ಕೆಲಸ ಕಲಿತವನು. ಸರ್ಕಾರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಎರಡು ವರ್ಷದ ಪ್ರೊಬೇಷನ್ ಮುಗಿದಿತ್ತು. ಪರ್ಮನೆಂಟ್ ಆರ್ಡರಿನ ಫೈಲು ಹನ್ನೆರಡನೇ ದಿನ, ಸೋಮವಾರ, ಸಾಹೇಬರ ಮುಂದೆ ಹೋಗಬೇಕು. ರಜಾ ದಿನ ಮನೆಯಲ್ಲಿ ಹಳೇ ಬುಲೆಟ್ ಸರ್ವಿಸ್ ಮಾಡುತ್ತಿದ್ದ. ಐವಾನ್-ಎ-ಶಾಹಿ ಬಡಾವಣೆಯ ಕಂತ್ರಾಟುದಾರ ದೇವಿಂದ್ರಪ್ಪ ತನ್ನಪ್ಪನ ಕಾಲದ ಬುಲೆಟ್ ತಂದು ಬಿಟ್ಟ. ಬೆಳಗಾದರೆ ಅಂಗಳದಲ್ಲಿ ಗಾಡಿ ಇಲ್ಲ!

ದೇವಿಂದ್ರಪ್ಪ ಮಧ್ಯಾಹ್ನದೊಳಗೆ ಫಿರ್ಯಾದು ಕೊಟ್ಟ. ಕಪಿಲನೇ ಮಾರಿದ್ದಾನೆ ಎಂದು ಬರೆಸಿದ.

ಕೇಸು ನಿಂತಿರುವ ತನಕ ಸಹಿ ಬೀಳುವುದಿಲ್ಲ. ಸಹಿ ಬೀಳದಿದ್ದರೆ ನೌಕರಿ ವೇಟಿಂಗ್ ಲಿಸ್ಟಿನವನಿಗೆ.

"ಗಾಡಿ ಸಿಕ್ರ ಸಾಕ್ರಿ ಕಾಕಾ," ಅಂದಳು ಪಂಚಶೀಲಾ. "ಕಳ್ಳ ಯಾರ ಅನ್ನೋದು ನಮಗ ಬ್ಯಾಡ."

ಕಪಿಲ ಬಾಗಿಲ ಹತ್ತಿರ ನಿಂತಿದ್ದ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಒರೆಸಲು ಏನೂ ಇರಲಿಲ್ಲ.

ಹುಡುಕಿದೆ. ಕಲಬುರಗಿಯ ಗುಜರಿ ಅಂಗಡಿ ಒಂದೂ ಬಿಡಲಿಲ್ಲ. ಹುಮನಾಬಾದಿಗೆ ಹೋದೆ. ಸೇಡಂಗೆ ಹೋದೆ. ಜಹೀರಾಬಾದಿನಲ್ಲಿ ಎರಡು ದಿನ ಕೂತೆ. ಎಲ್ಲಿ ಹೋದರೂ ಒಂದೇ ಉತ್ತರ... ಬಂದಿಲ್ಲ, ನೋಡಿಲ್ಲ, ಚಹಾ ಕುಡೀರಿ. ಹತ್ತು ದಿನದಲ್ಲಿ ನಾನು ಕುಡಿದಷ್ಟು ಚಹಾ ಯಾವ ಜೀವಕ್ಕೂ ಒಳ್ಳೆಯದಲ್ಲ.

ಹತ್ತನೇ ದಿನ ವರ್ಕ್‌ಶಾಪಿನ ವಾಚ್‌ಮನ್ ಒಂದು ಮಾತು ಹೇಳಿದ. ವೇಟಿಂಗ್ ಲಿಸ್ಟಿನಲ್ಲಿ ಮೊದಲ ಹೆಸರು ಮಲ್ಕಣ್ಣನದು.

ಮಲ್ಕಣ್ಣ ದೇವಿಂದ್ರಪ್ಪನ ಹೆಂಡತಿಯ ತಮ್ಮ!

ಓಡಿಹೋಗಿ ಹವಾಲ್ದಾರ್ ವಿಠ್ಠಲನಿಗೆ ಹೇಳಿದೆ. ಕೇಸು ಅವನ ಕೈಯಲ್ಲೇ ಇತ್ತು. ತನ್ನ ಗಾಡಿ ತಾನೇ ಎತ್ತಿಸಿ ಬಡವನ ಮೇಲೆ ಹಾಕಿದ್ದಾನಪ್ಪ, ಭಾಮೈದನಿಗೆ ನೌಕರಿ ಕೊಡಿಸಲು ಅಂದೆ. ವಿಠ್ಠಲ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಗಾಡಿ ತೋರಿಸ್ರಿ ಕಾಕಾ ಅಂದ. ಗಾಡಿ ಇಲ್ಲದೆ ಕಥೆ ಬರೆದುಕೊಂಡರೆ ಮೇಲಿನವರು ನಗುತ್ತಾರಂತೆ.

ಅವತ್ತು ಸಿಟ್ಟಿನಲ್ಲೇ ಮನೆಗೆ ಹೋದೆ.

ಮರುದಿನ ಭಾನುವಾರ. ರ‍್ಯಾಲಿ.

ಪ್ರತಿ ವರ್ಷ ತೊಗರಿ ಹೂಬಿಡುವ ಹೊತ್ತಿಗೆ ಕಲಬುರಗಿಯ ಹಳೇ ಬುಲೆಟ್ ಮಾಲೀಕರೆಲ್ಲ ಸೇರಿ ಕಮಲಾಪುರದ ಆಚೆಯ ಗುಡ್ಡಕ್ಕೆ ಹೋಗುತ್ತಾರೆ. ಬೀದರ ಕಡೆಯವರೂ ಬರುತ್ತಾರೆ. ನನ್ನ ಹಳೇ ದೋಸ್ತ ಖಮರುದ್ದೀನನ ಹಿಂದೆ ಕೂತು ನಾನೂ ಹೊರಟೆ. ಇಂಥ ದಿನ ರ‍್ಯಾಲಿ ಯಾಕೋ, ಕಪಿಲನ ಮನೆಗೆ ಹೋಗೋಣ ಅಂದ ಅವನು.

ನಾನು ಈ ಜನರನ್ನು ನಲವತ್ತು ವರ್ಷ ನೋಡಿದ್ದೇನೆ. ಮಗಳ ಮದುವೆ ಮುಂದಕ್ಕೆ ಹಾಕಿ ರ‍್ಯಾಲಿಗೆ ಬಂದವರಿದ್ದಾರೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದವರಿದ್ದಾರೆ. ದೇವಿಂದ್ರಪ್ಪ ಬೇಕಾದರೆ ಸುಳ್ಳು ಫಿರ್ಯಾದು ಕೊಟ್ಟಾನು. ಆ ಗಾಡಿಯನ್ನು ಇವತ್ತು ಶೆಡ್ಡಿನಲ್ಲಿ ಕತ್ತಲಿಗೆ ಬಿಡುವುದು ಅವನಿಂದ ಆಗದ ಮಾತು.

ಕಮಲಾಪುರದಲ್ಲಿ ಚಹಾಕ್ಕೆ ನಿಂತೆವು. ಕೆಂಪು ಬಾಳೆಹಣ್ಣಿನ ಗೊನೆಗಳ ಪಕ್ಕ ನಲವತ್ತು ಬುಲೆಟ್ ಸಾಲಾಗಿ ನಿಂತಿದ್ದವು. ದೇವಿಂದ್ರಪ್ಪ ಜೀಪಿನಲ್ಲಿ ಬಂದಿದ್ದ. ನನ್ನ ಗಾಡಿ ಕಳುವಾಯಿತು ಎಂದು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದ. ಜನ ಅವನ ಹೆಗಲು ತಟ್ಟುತ್ತಿದ್ದರು.

ಸಾಲಿನ ಕೊನೆಯಲ್ಲಿ ಒಂದು ಹಸಿರು ಬುಲೆಟ್. ಪಕ್ಕದಲ್ಲಿ ಮಲ್ಕಣ್ಣ.

ಬಣ್ಣ ಹೊಸದು. ಟ್ಯಾಂಕ್ ಬೇರೆಯದು. ನಂಬರ್ ಪ್ಲೇಟು ಬೀದರದ್ದು. ಎಂಜಿನ್ ನಂಬರ್ ಕೂಡ ಉಜ್ಜಿ ಹೊಸದಾಗಿ ಪಂಚ್ ಹೊಡೆದಿದ್ದರು. ಚೊಲೋ ಕೆಲಸ.

ನಾನು ಟೋಪಿ ಬೀಳಿಸಿದೆ. ಎತ್ತಿಕೊಳ್ಳಲು ಬಗ್ಗಿದೆ. ಎಂಜಿನ್ ತಳ ನೋಡಿದೆ.

ತೊಂಬತ್ತನಾಲ್ಕರಲ್ಲಿ ಈ ಗಾಡಿಯನ್ನು ದೇವಿಂದ್ರಪ್ಪನ ಅಪ್ಪ ನನ್ನ ಹತ್ತಿರ ತಂದಿದ್ದರು. ಎಂಜಿನ್ ಹಿಡಿಯುವ ಒಂದು ಬೋಲ್ಟ್ ಎಲ್ಲೂ ಸಿಗಲಿಲ್ಲ. ಟ್ರ್ಯಾಕ್ಟರಿನ ಬೋಲ್ಟ್ ಕೊಯ್ದು ಹಾಕಿಕೊಟ್ಟಿದ್ದೆ. ಆ ಬೋಲ್ಟ್ ಈಗಲೂ ಅಲ್ಲೇ ಕೂತಿತ್ತು. ಮೇಲೆಲ್ಲ ಬದಲಾಯಿಸಿದ್ದರು. ತಳಕ್ಕೆ ಯಾರು ಬಗ್ಗುತ್ತಾರೆ?

ವಿಠ್ಠಲ ರ‍್ಯಾಲಿಯ ಬಂದೋಬಸ್ತಿಗೆ ಬಂದಿದ್ದ. ಅವನನ್ನು ಪಕ್ಕಕ್ಕೆ ಕರೆದೆ.

"ಬೋಲ್ಟ್ ಮ್ಯಾಲ ಕೇಸ್ ನಿಲ್ಲಂಗಿಲ್ರಿ ಕಾಕಾ," ಅಂದ.

ರ‍್ಯಾಲಿಯ ಕ್ಯಾಪ್ಟನ್ ಶುಭದಾ. ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು, ನ್ಯಾಯದವಳು. ಆ ಗಾಡಿ ಬಿಚ್ಚಿಸಿ ನೋಡೋಣಮ್ಮ ಅಂದೆ. ಮಾಲೀಕನ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಗಾಡಿಗೆ ಬೆರಳು ಹಚ್ಚಬಾರದು, ಅದು ನಮ್ಮ ಮೊದಲ ನಿಯಮ ಅಂದಳು. ಹಾಗಂದು ನಮಸ್ಕಾರ ಮಾಡಿದಳು. ನಮಸ್ಕಾರ ಮಾಡಿದವರನ್ನು ಬೈಯಲೂ ಬರುವುದಿಲ್ಲ!

ಗುಡ್ಡದ ಮೇಲೆ ಎಲ್ಲರೂ ಫೋಟೋಗೆ ನಿಂತರು. ಮಲ್ಕಣ್ಣ ನಿಲ್ಲಲಿಲ್ಲ. ಕಿಕ್ ಹೊಡೆದ. ನಾನು ಬಗ್ಗಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಈಗ ಹೋದರೆ ಗಾಡಿ ಬೀದರ ದಾಟುತ್ತದೆ, ಮತ್ತೆ ಯಾರಿಗೂ ಸಿಗುವುದಿಲ್ಲ. ನಾಳೆ ಸೋಮವಾರ.

ಹೋಗಿ ಹಿಂದೆ ಹತ್ತಿ ಕೂತೆ.

ಕಾಲು ನೋಯುತ್ತದಪ್ಪ, ಗುಡ್ಡದ ಬುಡದ ತನಕ ಬಿಡು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಲವತ್ತು ಜನರ ಮುಂದೆ ಮುದುಕನನ್ನು ಇಳಿಸಲು ಅವನಿಗೆ ಆಗಲಿಲ್ಲ. ಗಾಡಿ ಹೊರಟಿತು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹನ್ನೊಂದು ದಿನದ ಸಿಟ್ಟು... ಎರಡನೇ ತಿರುವಿನಲ್ಲಿ ಅವನ ಕಿವಿಯಲ್ಲಿ ಹೇಳಿಬಿಟ್ಟೆ.

"ನಿಮ್ಮ ಮಾಮಾನ ಗಾಡಿ ಚೊಲೋ ಓಡಸ್ತಿ."

ಹೀಗೆ ನಾವು ತಗ್ಗಿನ ಅಂಚಿಗೆ ಬಂದದ್ದು.

ಹಿಂದಿನಿಂದ ಹಾರ್ನ್ ಕೇಳಿಸಿತು. ಖಮರುದ್ದೀನ್. ಅವನ ಬೆನ್ನಿಗೆ ವಿಠ್ಠಲ, ಅದರ ಹಿಂದೆ ದೇವಿಂದ್ರಪ್ಪನ ಜೀಪು. ಮಲ್ಕಣ್ಣ ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದ. ಒಮ್ಮೆ. ಎರಡು ಸಲ. ಉಸಿರು ನಿಂತಂತಾಯಿತು. ಬೆಲ್ಟು ಬಿಡಲಿಲ್ಲ.

ತಗ್ಗು ಮುಗಿಯಿತು. ಬಲಕ್ಕೆ ತೊಗರಿ ಹೊಲ ಬಂತು. ಮುಂದೆ ತಿರುವು.

ತಿರುವಿನ ತುಂಬ ಆಡುಗಳು!

ಮಲ್ಕಣ್ಣ ಬಲಗಾಲು ಎತ್ತಿ ಬ್ರೇಕ್ ತುಳಿದ.

ಅವನು ತುಳಿದದ್ದು ಬ್ರೇಕ್ ಅಲ್ಲ.

ಈಗಿನ ಗಾಡಿಗಳಲ್ಲಿ ಬ್ರೇಕ್ ಬಲಗಾಲಿಗೆ. ಹಳೇ ಬುಲೆಟ್ಟಿನಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕ್. ಒಂದನೇ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಮಲ್ಕಣ್ಣ ಹತ್ತು ದಿನದಲ್ಲಿ ಕಲಿತಿದ್ದ. ಹೆದರಿದಾಗ ಮಾತ್ರ ಕಾಲು ತನ್ನ ಹಳೇ ಪಾಠವನ್ನೇ ಒಪ್ಪಿಸಿತು. ತುಳಿದ ಏಟಿಗೆ ಮೂರನೇ ಗೇರು ನಾಲ್ಕಾಯಿತು. ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಮುಂದಕ್ಕೆ ಜಿಗಿಯಿತು. ಅವನು ಗಾಬರಿಯಾಗಿ ಇನ್ನೂ ಜೋರಾಗಿ ತುಳಿದ.

ನಾನು ಬೆಲ್ಟು ಹಿಡಿದು ಇಡೀ ಮೈ ಬಲಕ್ಕೆ ಎಸೆದೆ.

ಬದು ಹಾರಿತು ಗಾಡಿ. ತೊಗರಿಯೊಳಗೆ ನುಗ್ಗಿತು. ಗಿಡ ಮುರಿದ ಸದ್ದು, ಆಮೇಲೆ ಮಣ್ಣು, ಆಮೇಲೆ ಆಕಾಶ.

ಕಣ್ಣು ಬಿಟ್ಟಾಗ ಮೊಣಕೈ ಸುಲಿದಿತ್ತು. ಬೇರೆಲ್ಲ ಇದ್ದಲ್ಲೇ ಇತ್ತು. ಮಲ್ಕಣ್ಣ ಪಾದ ಹಿಡಿದುಕೊಂಡು ನರಳುತ್ತಿದ್ದ. ಬುಲೆಟ್ ಮಗ್ಗುಲಾಗಿ ಬಿದ್ದು ಹಿಂದಿನ ಗಾಲಿ ಸುಮ್ಮನೆ ತಿರುಗುತ್ತಿತ್ತು. ತೆವಳಿಕೊಂಡು ಹೋಗಿ ಪೆಟ್ರೋಲ್ ಕಾಕ್ ಮುಚ್ಚಿದೆ.

ಎಲ್ಲರೂ ಬಂದರು. ಅರ್ಧ ರ‍್ಯಾಲಿ ಹೊಲಕ್ಕಿಳಿಯಿತು. ಮೊಬೈಲುಗಳೂ ಮೇಲೆದ್ದವು. ನನಗೆ ಖುಷಿಯಾಯಿತು. ಇನ್ನೇನು ಮುಗಿಯಿತು ಅಂದುಕೊಂಡೆ.

ವಿಠ್ಠಲ ದೇವಿಂದ್ರಪ್ಪನ ಮುಂದೆ ನೋಟ್‌ಬುಕ್ ತೆರೆದ. ಇದು ನಿಮ್ಮ ಗಾಡಿಯೇ ಎಂದು ಕೇಳಿದ.

ದೇವಿಂದ್ರಪ್ಪ ಸುತ್ತಲೂ ಒಂದು ಸಲ ನೋಡಿದ. ಅಂಗಿಯ ತೋಳು ಸರಿ ಮಾಡಿಕೊಂಡ.

"ಅಲ್ರಿ. ನಂದು ಮರೂನ್ ಇತ್ತು. ಇದು ನಮ್ಮ ಮಲ್ಕಣ್ಣಂದು."

ವಿಠ್ಠಲ ನೋಟ್‌ಬುಕ್ ಮುಚ್ಚಿದ.

"ಫಿರ್ಯಾದಿನೇ ಅಲ್ಲ ಅಂದ್ರ ನಾ ಏನ್ ಮಾಡ್ಲಿ ಕಾಕಾ?"

ನೋಡಿದಿರಾ? ಹನ್ನೊಂದು ದಿನ. ಸುಲಿದ ಕೈ, ಗುದ್ದಿಸಿಕೊಂಡ ಪಕ್ಕೆ. ಕಳುವಾದ ಗಾಡಿ ಕಣ್ಣೆದುರು ಬಿದ್ದಿದೆ. ಆದರೆ ಅದು ಕಳುವಾದ ಗಾಡಿ ಎಂದು ಹೇಳುವ ಹಕ್ಕು ಇರುವುದು ಕಳ್ಳನೊಬ್ಬನಿಗೇ!

ನಾನು ಬದುವಿನ ಮೇಲೆ ಕೂತೆ. ಶುಭದಾ ನೀರು ಕೊಟ್ಟಳು. ಕುಡಿದೆ. ಬಹಳ ಹೊತ್ತು ಗಾಡಿ ನೋಡಿದೆ. ಆಮೇಲೆ ದೇವಿಂದ್ರಪ್ಪನ ಮುಖ ನೋಡಿದೆ. ಅವನು ಮಲ್ಕಣ್ಣನ ಕಾಲು ನೋಡುತ್ತಿರಲಿಲ್ಲ, ಗಾಡಿಯನ್ನೇ ನೋಡುತ್ತಿದ್ದ.

ಖಮರುದ್ದೀನನ ಡಬ್ಬಿಯಿಂದ ಸುತ್ತಿಗೆ ತರಿಸಿದೆ.

"ಎಂಜಿನ್ ಒಳಗ ನನ್ನ ಗುರುತು ಅದ," ಅಂದೆ. "ಒಡದು ತೋರಸ್ತೀನಿ."

ಮಾಲೀಕನ ಒಪ್ಪಿಗೆ ಬೇಕು ಅಂದಳು ಶುಭದಾ.

"ಮಲ್ಕಣ್ಣ, ಮಾಲೀಕ ನೀನೇ ಅಲ್ಲ? ಒಡೀಲೇನು?"

ಮಲ್ಕಣ್ಣನ ಕಣ್ಣು ಮಿಂಚಿತು. ಎಂಜಿನ್ ಒಡೆದರೆ ಅದರ ಮೇಲಿನ ಪಂಚ್ ನಂಬರೂ ಚೂರಾಗುತ್ತದೆ, ಉಜ್ಜಿದ ಸಾಕ್ಷಿಯೂ ಹೋಗುತ್ತದೆ. ಅವನ ತಲೆಕಾಯುವ ಕೆಲಸ ನಾನೇ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾನೆಯೇ?

"ಒಡೀ ಮುತ್ಯಾ. ನಿನ್ನ ಹಟ ತೀರ್ಲಿ."

ಎಲ್ಲರೂ ಕೇಳಿಸಿಕೊಂಡರು. ಮಾಲೀಕನೇ ಒಪ್ಪಿದರೆ ನನ್ನದೇನಿದೆ ಎಂದು ವಿಠ್ಠಲ ಎರಡು ಹೆಜ್ಜೆ ಹಿಂದೆ ಸರಿದ.

ನಿಮಗೆ ಖರೇ ಹೇಳುತ್ತೇನೆ. ಒಳಗೆ ಯಾವ ಗುರುತೂ ಇರಲಿಲ್ಲ.

ಮೊದಲ ಏಟು ಟ್ಯಾಂಕಿಗೆ ಹಾಕಿದೆ. ತಗ್ಗು ಬಿತ್ತು. ದೇವಿಂದ್ರಪ್ಪ ಅಲುಗಲಿಲ್ಲ. ಅದು ಬೇರೆ ಗಾಡಿಯ ಟ್ಯಾಂಕು, ಅವನಿಗೇನು?

ಎರಡನೆಯದು ಹೆಡ್‌ಲೈಟಿನ ಮೇಲಿನ ಕಬ್ಬಿಣದ ಹೊದಿಕೆಗೆ. ಅದು ಅವನಪ್ಪನ ಕಾಲದ್ದು. ಅವನ ದವಡೆ ಒಮ್ಮೆ ಬಿಗಿಯಿತು. ಬಾಯಿ ಬಿಡಲಿಲ್ಲ.

ಮೂರನೆಯದಕ್ಕೆ ಎಂಜಿನ್ನಿನ ಮುಂದೆ ಮಂಡಿಯೂರಿದೆ. ಎರಡು ಕೈಯಿಂದ ಸುತ್ತಿಗೆ ಎತ್ತಿದೆ. ಆ ಎಂಜಿನ್ನಿಗೆ ಒಂದು ಕಾಲದಲ್ಲಿ ನಾನೇ ಜೀವ ಕೊಟ್ಟಿದ್ದೆ. ದೇವಿಂದ್ರಪ್ಪ ಸುಮ್ಮನಿದ್ದರೆ ಒಡೆಯುವುದೇ ಸೈ. ಒಡೆದ ಮೇಲೆ ಕಪಿಲನ ಕೈಯಲ್ಲೂ ಏನೂ ಇಲ್ಲ, ನನ್ನ ಕೈಯಲ್ಲೂ ಏನೂ ಇಲ್ಲ.

ಸುತ್ತಿಗೆ ಇಳಿಯಿತು...

ಅರ್ಧದಲ್ಲಿ ನನ್ನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು. ದೇವಿಂದ್ರಪ್ಪ. ಮಣ್ಣಿನಲ್ಲಿ ನನ್ನ ಪಕ್ಕದಲ್ಲೇ ಮಂಡಿಯೂರಿದ್ದ.

"ಬ್ಯಾಡ್ರಿ ಕಾಕಾ. ನಮ್ಮಪ್ಪನ ಗಾಡಿ ಅದು."

ತಿರುವಿನಲ್ಲಿ ಒಂದು ಆಡು ಕೂಗಿತು.

"ಏ ಮಾಮಾ!" ಅಂದ ಮಲ್ಕಣ್ಣ. ಆಗ ದೇವಿಂದ್ರಪ್ಪನಿಗೆ ತಾನು ಆಡಿದ ಮಾತು ತನ್ನ ಕಿವಿಗೆ ಬಿತ್ತು.

"ಇನ್ನೊಮ್ಮೆ ಹೇಳಪ್ಪ," ಅಂದೆ. "ಹವಾಲ್ದಾರ್ರು ಬರಕೊಳ್ಲಿ."

ಅವನು ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ. ಇಪ್ಪತ್ತು ಮೊಬೈಲುಗಳಲ್ಲಿ ಅದು ಹೋಗಿ ಕೂತಿತ್ತು. ವಿಠ್ಠಲ ನೋಟ್‌ಬುಕ್ ತೆರೆದು ಪೆನ್ನಿನ ಟೋಪಿ ಹಲ್ಲಿನಿಂದ ಕಿತ್ತ. ಶುಭದಾ ತನ್ನ ಮೊಬೈಲನ್ನು ತಾನೇ ಅವನ ಮುಂದೆ ಹಿಡಿದಳು.

ಸೋಮವಾರವೂ ಸುಲಭವಾಗಿ ಕಳೆಯಲಿಲ್ಲ. ಕಪಿಲನ ಮೇಲೆ ಕೇಸಿಲ್ಲ ಎಂಬ ಠಾಣೆಯ ಕಾಗದ ವರ್ಕ್‌ಶಾಪಿಗೆ ಬರುವಾಗ ಎರಡು ಗಂಟೆ. ಸಾಹೇಬರು ಊಟಕ್ಕೆ ಹೋಗಿದ್ದರು. ಊಟದಿಂದ ಮೀಟಿಂಗಿಗೆ ಹೋದರು. ಪಂಚಶೀಲಾ ಬೇವಿನ ಗಿಡದ ಕೆಳಗೆ ನಿಂತೇ ಇದ್ದಳು, ಕೂಡ್ರಮ್ಮ ಅಂದರೂ ಕೂಡ್ರಲಿಲ್ಲ. ನಾಲ್ಕೂವರೆಗೆ ಸಹಿ ಬಿತ್ತು. ಕಪಿಲ ಹೊರಗೆ ಬಂದ. ನನ್ನ ಸುಲಿದ ಮೊಣಕೈ ಹಿಡಿದು, ತಿರುಗಿಸಿ ನೋಡಿ, ದವಾಖಾನೆಗೆ ಕರೆದುಕೊಂಡು ಹೋದ.

ತಿಂಗಳ ಮೇಲೆ ದೇವಿಂದ್ರಪ್ಪ ಜಾಮೀನಿನ ಮೇಲೆ ಹೊರಗೆ ಬಂದ. ಕೋರ್ಟಿನಿಂದ ಗಾಡಿ ಬಿಡಿಸಿಕೊಂಡ. ಆಮೇಲೆ ನನ್ನ ಮನೆ ಬಾಗಿಲಿಗೇ ಬಂದು ನಿಂತ. ಗೇರ್ ಬಾಕ್ಸ್ ಹೋಗಿದೆಯಂತೆ. ಯಾವ ಮೆಕ್ಯಾನಿಕ್ಕಿಗೂ ಅದು ತಿಳಿಯುತ್ತಿಲ್ಲವಂತೆ.

ನನ್ನ ಕೈ ನಡುಗುತ್ತದಪ್ಪ ಅಂದೆ. ಆ ಗೇರ್ ಬಾಕ್ಸ್ ಬಿಚ್ಚಲು ಬರುವವನು ಇಡೀ ಕಲಬುರಗಿಯಲ್ಲಿ ಇನ್ನೊಬ್ಬನೇ ಇದ್ದಾನೆ, ಕುಸನೂರಿನಲ್ಲಿ ಅಂತಲೂ ಹೇಳಿದೆ.

"ಆದ್ರ ಅಂವ ಈಗ ಪರ್ಮನೆಂಟ್ ಆಗ್ಯಾನ. ಅವಗ ಪುರುಸೊತ್ತಿಲ್ಲ."