ಹಳೇ ಗವಸಿನೊಳಗಿನ ಹೊಸ ಪಾಸ್‌ಪೋರ್ಟು

"ಮಾವ, ನನ್ನ ಪಾಸ್‌ಪೋರ್ಟು ಬೇಗ ಕೊಡಿ... ಅಮ್ಮನ ಸ್ಥಿತಿ ಕೈಮೀರಿದೆಯಂತೆ."

ಅರ್ಧ ಹೊಲಿದ ಶಾಲೆಯ ಅಂಗಿ ಯಂತ್ರದ ಸೂಜಿಗೆ ಹಾಗೇ ಸಿಕ್ಕಿಕೊಂಡಿತ್ತು. ಸೊಸೆಯ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದನ್ನು ಮಾವನ ಮುಂದೆ ಚಾಚಿ ನಿಂತಿದ್ದಳು. ನದಿಯಾಚೆಯ ಆಸ್ಪತ್ರೆಯಿಂದ ಅವಳ ಅಣ್ಣ ಈಗತಾನೇ ಹೇಳಿದ್ದ: "ಸಂಜೆವರೆಗೂ ಇರೋದು ಕಷ್ಟ ಅಂತಿದ್ದಾರೆ ಡಾಕ್ಟ್ರು. ಕಣ್ಣು ಬಿಟ್ಟಾಗೆಲ್ಲ ನಿನ್ನನ್ನೇ ಕೇಳ್ತಾಳೆ. ಇದ್ದ ಹಾಗೇ ಹೊರಟು ಬಾ." ನದಿಯಾಚೆ ಎಂದರೆ ಬೇರೆ ದೇಶ. ತವರುಮನೆ ಕೂಗಳತೆಯಲ್ಲಿದ್ದರೂ ನಡುವೆ ಸೇತುವೆ, ಸೇತುವೆಗೆ ಗೇಟು. ಗಂಡ ಹಡಗಿನಲ್ಲಿ ಅಡುಗೆಯವನು, ನೆಲ ಮುಟ್ಟಲು ಇನ್ನೂ ಎರಡು ತಿಂಗಳು. ಅವಳೊಬ್ಬಳೇ ಹೋಗಬೇಕಿತ್ತು.

"ಗಾಬರಿ ಬೇಡ ಕಣಮ್ಮ. ಎಲ್ಲಾ ಸರಿಯಾಗಿಟ್ಟಿದ್ದೀನಿ. ನಿನ್ನ ನಂಬಿಕೆ ಕಾರ್ಡಿದೆ, ಪಕ್ಕದ ದಾರೀಲಿ ಹತ್ತು ನಿಮಿಷದ ಕೆಲಸ" ಎನ್ನುತ್ತಾ ಮಾವ ಮೇಜಿನ ಡ್ರಾಯರಿಗೆ ಕೀಲಿ ತಿರುಗಿಸಿದರು.

ಆ ಡ್ರಾಯರು ಮಾವನ ಸಾಮ್ರಾಜ್ಯ. ಮೂವತ್ತೊಂದು ವರ್ಷ ಪ್ರಯಾಣ ದಾಖಲೆಗಳ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ನಿವೃತ್ತರಾಗಿ ಮನೆಗೆ ಬಂದರೂ ಕಚೇರಿಯನ್ನು ಬಿಟ್ಟು ಬಂದಿರಲಿಲ್ಲ. ಬೀದಿಯವರು 'ಮೊಹರು ಮಾವ' ಎಂದೇ ಕರೆಯುತ್ತಿದ್ದರು. ಮನೆಯ ನಾಲ್ಕೂ ಜನರ ಪಾಸ್‌ಪೋರ್ಟು ಯಾವಾಗ ಮುಗಿಯುತ್ತದೆ, ಯಾರ ಬೆರಳಚ್ಚು ಯಾವ ವರ್ಷ ಕೊಟ್ಟದ್ದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ನಂಬಿಕೆ ಕಾರ್ಡು ಎಂದರೆ ಕಳಂಕವಿಲ್ಲದ ಪ್ರಯಾಣಿಕರಿಗೆ ಸರ್ಕಾರ ವಿಚಾರಣೆ ನಡೆಸಿ ಕೊಡುವ ಸದಸ್ಯತ್ವ. ಅದಿದ್ದವರಿಗೆ ಉದ್ದ ಸಾಲಿಲ್ಲ, ಚೀಲ ಸುರಿಸುವ ತಪಾಸಣೆಯಿಲ್ಲ. ಸೊಸೆಗೆ ಅದನ್ನು ಕೊಡಿಸಲು ಮಾವ ಎಂಟು ಸಲ ಕಚೇರಿಯ ಮೆಟ್ಟಿಲು ಹತ್ತಿದ್ದರು. "ಹೆಣ್ಣುಮಗಳು ತವರಿಗೆ ಹೋಗೋಕೆ ಬಿಸಿಲಲ್ಲಿ ಸಾಲು ನಿಲ್ಲಬಾರದು" ಎಂದು ಅವರು ಹೇಳಿದ್ದ ದಿನ ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು.

ಆದರೆ ಆ ಡ್ರಾಯರಿನ ವಿಷಯದಲ್ಲಿ ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ಬೇರೆಯವರು ಮುಟ್ಟುವಂತಿಲ್ಲ. ಹೊಸ ಪಾಸ್‌ಪೋರ್ಟು ಬಂದರೆ, ಅದರ ನಂಬರನ್ನು ಕಾರ್ಡಿಗೆ ಸೇರಿಸುವ ಅರ್ಜಿ ಅವರೇ ತುಂಬಬೇಕು. ಹಳೆಯದರ ಮೂಲೆಯನ್ನು ಕತ್ತರಿಯಿಂದ ಅವರೇ ಕತ್ತರಿಸಬೇಕು. "ಹಳೇದು ಹೊಸದು ಬೆರೆತರೆ ಅನಾಹುತ" ಎನ್ನುವುದು ಅವರ ಮಂತ್ರ. ಸೊಸೆಯ ಹೊಸ ಪಾಸ್‌ಪೋರ್ಟು ಬಂದು ಇಪ್ಪತ್ತು ದಿನವಾಗಿತ್ತು. ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಮುಳುಗಿದ್ದವಳು ಅಮ್ಮನನ್ನು ನೋಡಲು ನಾಳೆ ಹೋದರಾಯಿತು, ನಾಳಿದ್ದು ಹೋದರಾಯಿತು ಎಂದು ಮುಂದೂಡುತ್ತಲೇ ಇದ್ದಳು.

ಮಾವ ಕೊಟ್ಟ ಕಾರ್ಡನ್ನೂ ಹಳೇದು ಹೊಸದು ಎರಡೂ ಪಾಸ್‌ಪೋರ್ಟುಗಳನ್ನೂ ಎದೆಗವುಚಿಕೊಂಡು ಅವಳು ಓಡಿದಳು.

ಗೇಟಿನ ಪಕ್ಕದ ದಾರಿಯಲ್ಲಿ ಯಾರೂ ಇರಲಿಲ್ಲ. ಕಾರ್ಡನ್ನು ಯಂತ್ರಕ್ಕೆ ಒತ್ತಿದಳು. ಕೆಂಪು ದೀಪ. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಕಿಟಕಿಯ ಹಿಂದಿದ್ದ ಅಧಿಕಾರಿಣಿ ಪರದೆ ನೋಡಿದಳು.

"ಕಾರ್ಡಲ್ಲಿ ಹಳೇ ಪಾಸ್‌ಪೋರ್ಟಿನ ನಂಬರೇ ಇದೆಯಲ್ಲಮ್ಮ. ಹೊಸದು ಸೇರಿಸಿಲ್ವಾ?"

"ನಮ್ಮ ಮಾವ ಅರ್ಜಿ ಕೊಟ್ಟಿದ್ರು ಮೇಡಂ..."

"ಅರ್ಜೀಲೂ ಹಳೇ ನಂಬರೇ ಬರ್ದಿದ್ದಾರೆ. ಹೋಗ್ಲಿ, ಪಾಸ್‌ಪೋರ್ಟು ಕೊಡಿ. ಸಾಮಾನ್ಯ ಸಾಲಿಗಾದ್ರೂ ಕಳಿಸ್ತೀನಿ."

ಸೊಸೆ ಬಟ್ಟೆಯ ಗವಸಿನಿಂದ ಹೊಸ ಪಾಸ್‌ಪೋರ್ಟನ್ನು ಹೊರಗೆಳೆದಳು. ಅದರ ಮೇಲ್ತುದಿಯ ಒಂದು ಮೂಲೆ ಇರಲಿಲ್ಲ. ಹೊಲಿಗೆಯವಳ ಕಣ್ಣಿಗೆ ಕತ್ತರಿಯ ಗುರುತು ಗೊತ್ತಾಗದೇ ಇರುತ್ತದೆಯೇ? ಒಂದೇ ಏಟಿಗೆ, ನೇರವಾಗಿ, ನುರಿತ ಕೈ ಕತ್ತರಿಸಿದ್ದು.

ಆ ಗವಸು ಅವಳೇ ಹತ್ತು ವರ್ಷದ ಹಿಂದೆ ಹೊಲಿದದ್ದು, ಅಂಚೆಲ್ಲ ಸವೆದುಹೋಗಿತ್ತು. ಹೊಸದು ಬಂದ ದಿನ, ಹೊಸ ಹೊದಿಕೆ ಯಾಕೆ ದಂಡ ಎಂದು ಅವಳೇ ಹೊಸ ಪಾಸ್‌ಪೋರ್ಟನ್ನು ಈ ಹಳೇ ಗವಸಿಗೆ ತೂರಿಸಿ, ಹಳೆಯದನ್ನು ಗವಸಿಲ್ಲದೆ ಮೇಜಿನ ಮೇಲಿಟ್ಟಿದ್ದಳು. ಮಾವ ಗವಸು ಮುಟ್ಟಿ ನೋಡಿ ಇದೇ ಹಳೆಯದು ಎಂದುಕೊಂಡಿದ್ದರು... ಒಳಗಿನ ತಾರೀಖು ಓದಿದ್ದರೆ ತಿಳಿಯುತ್ತಿತ್ತು. ಅವರು ಓದಿರಲಿಲ್ಲ.

"ಮೂಲೆ ಕತ್ತರಿಸಿದ್ರೆ ರದ್ದಾದ ಹಾಗೆ ಅಮ್ಮ. ಹಳೇದರ ಅವಧಿ ಮುಗಿದಿದೆ."

"ನನ್ನ ತಾಯಿ ಸಾಯ್ತಾ ಇದ್ದಾಳೆ ಮೇಡಂ. ಅಗೋ, ಆ ಬಿಳೀ ಕಟ್ಟಡ, ಮೂರನೇ ಮಹಡಿ. ಒಂದು ಗಂಟೆ ಬಿಡಿ, ಕಾರ್ಡು ಇಲ್ಲೇ ಇಟ್ಕೊಳ್ಳಿ, ಫೋನು ಇಟ್ಕೊಳ್ಳಿ..."

ಅಧಿಕಾರಿಣಿ ಕಲ್ಲೆದೆಯವಳಲ್ಲ. ಎರಡು ಕಡೆ ಫೋನು ಮಾಡಿದಳು, ಮೇಲಿನವರ ಕೋಣೆಗೆ ಎದ್ದು ಹೋಗಿ ಬಂದಳು. "ನಾನು ಬಿಟ್ರೂ ಆ ಕಡೆ ಗೇಟಲ್ಲಿ ನಿಲ್ಲಿಸ್ತಾರೆ. ತುರ್ತು ಪತ್ರ ಮಾಡಿಸಿ. ಮೂರು ದಿನ ಆಗುತ್ತೆ" ಎಂದು ತಲೆ ತಗ್ಗಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಸೊಸೆ ಅಲ್ಲಿಂದಲೇ ಅಣ್ಣನಿಗೆ ವಿಷಯ ತಿಳಿಸಿ ಮನೆಗೆ ಮರಳಿದಳು.

ಬಾಗಿಲಲ್ಲೇ ಅತ್ತೆ ಎದುರಾದರು. "ಏನು, ಹೋದ ಹಾಗೇ ಬಂದೆ?"

ಅವಳು ಮೂಲೆ ಹೋದ ಪಾಸ್‌ಪೋರ್ಟನ್ನು ತೋರಿಸಿದಳು. "ಅಯ್ಯೋ, ಅವರ ಕಣ್ಣು..." ಎಂದು ಅತ್ತೆ ಗೋಡೆ ಹಿಡಿದುಕೊಂಡರು. ಆ ಮಾತು ಕೇಳಿದ ಕೂಡಲೇ ಸೊಸೆಗೆ ಎಲ್ಲವೂ ಅರ್ಥವಾಗಿಹೋಯಿತು.

"ಮಾವನಿಗೆ ಕಣ್ಣು ಕಾಣ್ತಿಲ್ಲ ಅಂತ ನಿಮಗೆ ಗೊತ್ತಿತ್ತು ಅಲ್ವಾ ಅತ್ತೆ?"

"ಮೆಲ್ಲಗೆ ಮಾತಾಡು."

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು. ದೊಡ್ಡ ಅಕ್ಷರ, ದಪ್ಪ ನಂಬರು ಬಿಟ್ರೆ ಏನೂ ಕಾಣಲ್ಲ. ಪೇಪರು ನಾನು ಓದಿ ಹೇಳ್ತೀನಿ, ಅವರು ಹಿಡ್ಕೊಂಡು ಕೂತ್ಕೊಳ್ತಾರೆ. ಆ ಡ್ರಾಯರು ಕಿತ್ಕೊಂಡ್ರೆ ಆ ಮನುಷ್ಯನಿಗೆ ಉಳಿಯೋದೇನು ಹೇಳು? ನನ್ನ ಗಂಡನ ಮಾನ ನಾನು ಕಾಯ್ದೆ. ತಪ್ಪಾ?"

"ನನ್ನ ಹತ್ರ ಒಂದು ಮಾತು ಹೇಳಿದ್ರೆ ಸಾಕಿತ್ತು ಅತ್ತೆ... ನಾನೇ ಓದಿ ಹೇಳ್ತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಸದಾ ಬಾಣಲೆಯಲ್ಲಿ ಸಿಡಿಯುವ ಸಾಸಿವೆಯಂತಿದ್ದ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಾರನ್ನು ಬೈದು ಏನು ಪ್ರಯೋಜನ? ಗವಸು ಬದಲಿಸಿದವಳು ತಾನು, ಕತ್ತರಿಸಿದವರು ಅವರು, ಬಾಯಿ ಮುಚ್ಚಿಕೊಂಡವರು ಇವರು. ಮೂವರಲ್ಲಿ ಒಬ್ಬರಿಗೂ ಅವಳ ತಾಯಿಯ ಮೇಲೆ ದ್ವೇಷವಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

"ಇಲ್ಲಿ ಕೊಡಮ್ಮ ಅದನ್ನ." ಮಾವ ಒಳಬಾಗಿಲಿಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಪಾಸ್‌ಪೋರ್ಟನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಅಂಚು ಸವರಿದರು. ಮೂಲೆಯಿರಬೇಕಾದ ಕಡೆ ಬೆರಳು ನಿಂತಿತು. ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ನಮೂದೂ ಮಾಡದ ಆ ಮನುಷ್ಯ ಹೊಲಿಗೆಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. "ನಾನು ಏನು ಮಾಡಿಬಿಟ್ಟೆ... ನನ್ನ ಕೈಯಾರೆ..."

ಆಗ ಫೋನು ಬಡಿದುಕೊಂಡಿತು. ಅಣ್ಣ ಪಿಸುಗುಟ್ಟಿದ: "ಕಣ್ಣು ಬಿಟ್ಟಿದ್ದಾಳೆ. ನೀನು ಬರೋಕಾಗಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನೀನೇ ಮಾತಾಡು, ಕಿವಿಗೆ ಹಿಡೀತೀನಿ."

"ಪುಟ್ಟಿ... ಎಲ್ಲಿದ್ದೀಯೇ?" ದಾರದೆಳೆಯಷ್ಟು ಸಣ್ಣ ದನಿ.

ಸೊಸೆ ಕಣ್ಣು ಮುಚ್ಚಿಕೊಂಡಳು. "ಗೇಟಿನ ಹತ್ರ ಇದ್ದೀನಮ್ಮ. ಬಂದೆ."

"ತುಂಬಾ ಜನ ಇದ್ದಾರಾ?"

"ಜನಾನಾ ಅಮ್ಮ..." ಎನ್ನುತ್ತಾ ಅವಳು ಮಾವನ ಕಡೆ ತಿರುಗಿದಳು. ಮುಖ ಮುಚ್ಚಿಕೊಂಡಿದ್ದ ಮಾವ ಕೈ ತೆಗೆದರು, ಸ್ಟೂಲನ್ನು ಅವಳ ಹತ್ತಿರ ಎಳೆದುಕೊಂಡರು. ಅವಳ ಇನ್ನೊಂದು ಕಿವಿಯ ಬಳಿ ಬಾಗಿ ಮೆಲ್ಲಗೆ ಹೇಳಿದರು: "ಪಕ್ಕದ ದಾರಿ ಖಾಲಿ ಅಂತ ಹೇಳು. ಕಾರ್ಡು ತೋರಿಸ್ತಿದ್ದೀನಿ ಅನ್ನು."

"ಪಕ್ಕದ ದಾರಿ ಖಾಲಿ ಅಮ್ಮ. ಕಾರ್ಡು ತೋರಿಸ್ತಿದ್ದೀನಿ."

"ಹಸಿರು ದೀಪ ಬಂತು."

"ಹಸಿರು ದೀಪ ಬಂತಮ್ಮ."

"ನಾಲ್ಕು ಬೆರಳು ಗಾಜಿನ ಮೇಲೆ. ಆಮೇಲೆ ಹೆಬ್ಬೆರಳು. ಗಾಜು ತಣ್ಣಗಿದೆ."

ಅವಳು ಒಂದೊಂದನ್ನೂ ಹೇಳುತ್ತಾ ಹೋದಳು. ಆಚೆಯಿಂದ "ಹೂಂ... ಹೂಂ..." ಎನ್ನುವ ಉಸಿರು ಬರುತ್ತಿತ್ತು. ಅತ್ತೆ ಗೋಡೆಗೊರಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು.

"ಮೊಹರು ಹಾಕಿದ್ರು" ಎಂದರು ಮಾವ. ಅವರ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ದನಿ ಮಾತ್ರ ಕಚೇರಿಯ ಕಿಟಕಿಯಲ್ಲಿ ಕುಳಿತವರ ದನಿಯಂತೆ ಸ್ಥಿರವಾಗಿತ್ತು. "ಈಗ ಸೇತುವೆ ಮೇಲಿದ್ದೀಯ. ಎಡಗಡೆ ಕಾಲುದಾರಿ."

"ಸೇತುವೆ ಮೇಲೆ ನಡೀತಾ ಇದ್ದೀನಮ್ಮ."

"ಬಾ..." ಎಂದಿತು ಆ ಕಡೆಯ ದನಿ. ಆಮೇಲೆ ಉಸಿರಷ್ಟೇ ಕೇಳಿಸಿತು. ಆಮೇಲೆ ಅದೂ ಇಲ್ಲ. ದೂರದಲ್ಲಿ ಅಣ್ಣ ಬಿಕ್ಕಿದ್ದು ಕೇಳಿಸಿತು.

ಮಾವನಿಗೆ ಗೊತ್ತಾಗಲಿಲ್ಲ. "ಸೇತುವೆ ಮುಗೀತು. ಆ ಕಡೆ ಗೇಟಲ್ಲಿ ಒಬ್ಬನೇ ಕಾವಲುಗಾರ, ಪುಸ್ತಕ ನೋಡಿ ಬಿಟ್ಟ. ಬಲಕ್ಕೆ ತಿರುಗಿದ್ರೆ ಆಸ್ಪತ್ರೆ ರಸ್ತೆ. ಲಿಫ್ಟಿಗೆ ಕಾಯಬೇಡ, ಮೆಟ್ಟಿಲು ಹತ್ತು. ಮೂರನೇ ಮಹಡಿ ಅಲ್ವಾ..."

ಸೊಸೆ ಫೋನನ್ನು ಮಡಿಲಿಗೆ ಇಳಿಸಿದಳು. ನಿಲ್ಲಿಸಿ ಎನ್ನಲಿಲ್ಲ. ಮಾವನ ಭುಜಕ್ಕೆ ತಲೆಯಾನಿಸಿ, ಅವರು ಬಾಗಿಲು ತೆರೆದು ತನ್ನನ್ನು ಅಮ್ಮನ ಮಂಚದವರೆಗೆ ಕರೆದುಕೊಂಡು ಹೋಗುವುದನ್ನು ಕೊನೆಯವರೆಗೂ ಕೇಳಿಸಿಕೊಂಡಳು.