ಕನ್ನಡಿಯ ಮೇಲಿನ ಬೆರಳಚ್ಚು

"ರೀ... ಕೈ ತೆಗೀರಿ!"

ಅವಳು ಬೆಚ್ಚಿಬಿದ್ದಳು. ಲೇಸರ್ ಮೇಜಿನ ಮೇಲಿದ್ದ ಪುಟ್ಟ ಕನ್ನಡಿಯನ್ನು ನೆಟ್ಟಗೆ ಮಾಡಲು ಹೋಗಿದ್ದಳಷ್ಟೇ. ಸಂಶೋಧನೆಯ ಲ್ಯಾಬಿನಲ್ಲಿ ಅದು ಅವಳ ಮೊದಲ ದಿನ.

ಕೂಗಿದವನು ಒಂದು ವರ್ಷದ ಸೀನಿಯರ್. ಲ್ಯಾಬಿನವರೆಲ್ಲ ಅವನಿಗಿಟ್ಟ ಹೆಸರು 'ಸಿಡುಕು ಮೂತಿ'. ಓಡಿ ಬಂದವನೇ ತೆಳು ಕಾಗದಕ್ಕೆ ಏನೋ ದ್ರಾವಣ ಹನಿಸಿ, ಅವಳು ಮುಟ್ಟಿದ ಜಾಗವನ್ನು ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಒಂದು ಜೊತೆ ಕೈಗವಸು ಅವಳ ಮುಂದಿಟ್ಟ.

"ಇನ್ಮೇಲೆ ಇದನ್ನ ಹಾಕ್ಕೊಂಡೇ ಮುಟ್ಟಿ."

ಅವಳು ಕಣ್ಣು ತುಂಬಿಕೊಂಡು ಅವನನ್ನೇ ನೋಡಿದಳು.

ಅವಳ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಅಮ್ಮ ಕೂತೆದ್ದ ಬೆಂಚನ್ನು ಜನ ಒರೆಸಿಕೊಂಡು ಕೂರುವುದನ್ನು ಅವಳು ಚಿಕ್ಕಂದಿನಿಂದ ಕಂಡವಳು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಮನೆಗಳ ಮಕ್ಕಳಿಗೆಂದು ಭೌತಶಾಸ್ತ್ರ ವಿಭಾಗ ವರ್ಷಕ್ಕೊಂದರಂತೆ ಮೀಸಲಿಟ್ಟ ಸಂಶೋಧನಾ ಸೀಟು ಈ ಸಲ ಅವಳಿಗೆ ಸಿಕ್ಕಿತ್ತು.

'ಇಲ್ಲೂ ಒರೆಸೋರು ಇದ್ದಾರಲ್ಲಾ...'

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನು ಮೇಜಿನ ಈ ತುದಿಗೆ ಬಂದರೆ ಇವಳು ಆ ತುದಿಗೆ. ಆದರೂ ಹಾಳು ಕಿವಿ ಅವನ ಹೆಜ್ಜೆಯ ಸದ್ದಿಗೇ ಕಾಯುತ್ತಿತ್ತು! ಲೇಸರ್ ಕಿರಣ ಗುರಿ ತಪ್ಪಿದಾಗಲೆಲ್ಲ ಹೇಳಿಕೊಡುವ ಅವನ ದನಿ ಎಷ್ಟು ಮೆತ್ತಗಿರುತ್ತಿತ್ತು... ಪ್ರೀತಿಗೆ ಮಾನ ಮರ್ಯಾದೆ ಇದ್ದರಲ್ಲವೇ!

ಕೊನೆಗೊಂದು ಮಧ್ಯಾಹ್ನ ಅವಳು ಕೈಗವಸು ಕಳಚಿ ಅವನ ಮುಂದೆ ಬಿಸಾಡಿದಳು.

"ನಾಳೆಯಿಂದ ನಾನು ಬರಲ್ಲ. ಸೀಟು ಬೇರೆಯವರಿಗೆ ಕೊಡಿ ಅಂತ ಗೈಡ್ ಮೇಡಂಗೆ ಹೇಳ್ತೀನಿ."

"ಯಾಕೆ? ನಿನ್ನೆ ತಾನೆ ಲೇಸರ್ ಕಿರಣಾನ ಗುರಿಗೆ ಕೂರಿಸಿದ್ರಿ... ಅದೂ ಒಬ್ರೇ!"

"ನಾನು ಮುಟ್ಟಿದ್ದನ್ನ ಒರೆಸೋರ ಜೊತೆ ಕೆಲಸ ಮಾಡಲ್ಲ! ನಮ್ಮಮ್ಮ ಅನುಭವಿಸಿದ್ದೇ ಸಾಕು."

ಅವನ ಮುಖ ಕಪ್ಪಿಟ್ಟಿತು. ತನ್ನ ಡ್ರಾಯರ್ ಎಳೆದು ಒಂದು ಹಳೆಯ ಕನ್ನಡಿ ತೆಗೆದ. ಅದರ ನಟ್ಟನಡುವೆ ಹೆಬ್ಬೆರಳಿನ ಗುರುತು ಸುಟ್ಟು ಕಂದಿತ್ತು.

"ನಂದು. ಹೋದ ವರ್ಷ ನಾನೂ ಇದೇ ಸೀಟಲ್ಲಿ ಬಂದಿದ್ದೆ. ಬರಿಗೈಲಿ ಮುಟ್ಟಿದೆ. ಬೆರಳಿನ ಜಿಡ್ಡು ಉಳಿದ್ರೆ ಲೇಸರ್ ಅಲ್ಲೇ ಸುಟ್ಬಿಡುತ್ತೆ ಅಂತ ಯಾರೂ ಹೇಳಿರ್ಲಿಲ್ಲ. 'ಇಂಥೋರನ್ನ ಕರ್ಕೊಂಡ್ರೆ ಹಿಂಗೇ' ಅಂದ್ರು ಲ್ಯಾಬಿನೋರು. ಆ ಮಾತು ನಿಮಗೆ ಬರಬಾರ್ದು ಅಂತ ಓಡಿ ಬಂದೆ ಕಣ್ರೀ..."

"ಅವತ್ತೇ ಹೇಳೋಕೇನಾಗಿತ್ತು?"

"ನೀವು ಕಣ್ಣು ತುಂಬ್ಕೊಂಡು ನೋಡಿದ್ರಿ, ನಂಗೆ ಮಾತೇ ಹೊರಡ್ಲಿಲ್ಲ." ಅವನು ತಲೆ ತಗ್ಗಿಸಿದ. "ನೀವಂದ್ರೆ ನಂಗಿಷ್ಟ. ನಾನು ಇಷ್ಟ ಆಗದಿದ್ರೂ ಪರವಾಗಿಲ್ಲ... ಸೀಟು ಮಾತ್ರ ಬಿಡಬೇಡಿ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಆ ಸುಟ್ಟ ಗುರುತಿನ ಮೇಲೆ ತನ್ನ ಬರಿ ಹೆಬ್ಬೆರಳನ್ನು ಒತ್ತಿದಳು. ಅವನು ತಡೆಯಲಿಲ್ಲ.

"ಇದನ್ನ ಒರೆಸ್ತೀರಾ?"

"ಇಲ್ಲ. ಇದು ನನ್ನ ಹತ್ರಾನೇ ಇರುತ್ತೆ."

ಅವಳು ಕಣ್ಣೊರೆಸಿಕೊಂಡು ಕೈಗವಸು ಎತ್ತಿಕೊಂಡಳು.

"ನಡೀರಿ ಸಿಡುಕು ಮೂತಿ, ಲೇಸರ್ ಹಾಕಿ."

"ನಾಳೆ...?"

"ನಾಳೇನೂ ಬರ್ತೀನಿ."